ಒಳಜೋಡು ಹುಡುಕಿದವರು

ಆಗಸ್ಟ್ 4, ಸೋಮವಾರ

ಇವತ್ತೂ ಅದೇ ಕಥೆ. ಅಂಗಡಿ ಬಾಗಿಲು ತೆಗೆದು, ಗುಡಿಸಿ, ನೀರು ಚಿಮುಕಿಸಿ ಫೋನ್ ನೋಡಿದರೆ ಜಾಹೀರಾತಿನ ದಿನದ ಬಜೆಟ್ ಆಗಲೇ ಖಾಲಿ. ಇನ್ನೂ ತಿಂಡಿ ತಿಂದಿಲ್ಲ! ಒಂದು ಕಾಲ್ ಇಲ್ಲ, ಒಬ್ಬ ಗಿರಾಕಿ ಇಲ್ಲ.

ಗೂಗಲ್‌ನಲ್ಲಿ ಹುಡುಕಿದವರು ನಮ್ಮ ಜಾಹೀರಾತು ಮುಟ್ಟಿದರೆ ಮಾತ್ರ ದುಡ್ಡು ಹೋಗೋದು. ಒಂದು ಕಾಲು ಗಿಡ್ಡ ಇರೋರಿಗೆ ಎತ್ತರದ ಚಪ್ಪಲಿ ಮಾಡೋ ಅಂಗಡಿ ನಮ್ಮದು. ಬೆಳಗಾಗೆದ್ದು ಹುಣಸೂರಲ್ಲಿ ಅದನ್ನು ಹುಡುಕೋ ಪುಣ್ಯಾತ್ಮರು ಯಾರಪ್ಪ, ಇಷ್ಟೊಂದು ಜನ?

ಶರತ್ ನಿನ್ನೆ ಮಾವನ ಎದುರಿಗೇ ಹೇಳಿಬಿಟ್ಟರು. "ಆಯುಧಪೂಜೆವರ್ಗೂ ನೋಡಾನ. ಆಮೇಕೆ ಮೊಬೈಲ್ ಅಂಗ್ಡಿಯೋರ್ಗೆ ಬಾಡ್ಗೆಗೆ ಕೊಟ್ಬುಡದೇಯ." ಮಾವ ಚರ್ಮ ಕೊಯ್ಯೋ ರಂಪಿ ಮಸೆಯುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. ನನಗೆ ಗಂಡನ ಮೇಲೆ ಮೈಯೆಲ್ಲ ಉರಿಯಿತು. ಒಂದು ಕಾಲು ಗಿಡ್ಡ ಇರೋ ಅತ್ತೆ ಸಮನಾಗಿ ನಡೆಯಲಿ ಅಂತ ಈ ಕೆಲಸ ಕಲಿತವರು ಮಾವ. ಅಂಗಡಿ ಕಿತ್ತುಕೊಂಡರೆ ಇನ್ನೇನು ಉಳೀತು?

ಆಗಸ್ಟ್ 6

ಕಳ್ಳ ಸಿಕ್ಕಿಬಿದ್ದ. ನಮ್ಮ ಮಾವನೇ!

ಊದುಬತ್ತಿ ಹಚ್ಚಿದರು. ಕ್ಯಾಲೆಂಡರ್ ದೇವರಿಗೆ ಬೆಳಗಿದರು. ಆಮೇಲೆ ಫೋನ್ ಬಾಯಿ ಹತ್ತಿರ ಹಿಡಿದು "ಕಾಲ್ ಗಿಡ್ಡ ಚಪ್ಲಿ ಉಣ್ಸೂರು" ಅಂದರು. ನಮ್ಮ ಜಾಹೀರಾತು ಬಂತು. ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಏನ್ ಮಾವ ಇದು?"

"ಬೋಣಿ ಕಣವ್ವ. ಬೋಣಿ ಆಗ್ದೆ ಗಿರಾಕಿ ಎಂಗ್ ಬಂದಾರು? ಸಾಲಿಗ್ರಾಮದಲ್ಲಿ ನಮ್ಮಕ್ಕಂಗೂ ಏಳಿವ್ನಿ, ಕಂಪಲಾಪುರದ ನೆಂಟ್ರಿಗೂ ಏಳಿವ್ನಿ. ಎದ್ದೇಟ್ಗೆ ಎಲ್ರೂ ಒಂದೊಂದ್ ದಪ ಮುಟ್ರಪ್ಪ ಅಂತ."

ನೆಂಟರೆಲ್ಲ ಸೇರಿ ಹರಸಿ ಹರಸಿ ಬಜೆಟ್ ಮುಗಿಸುತ್ತಿದ್ದರು. ನಗಬೇಕೋ ಅಳಬೇಕೋ. ಮುಟ್ಟಿದಾಗಲೆಲ್ಲ ನಮ್ಮ ದುಡ್ಡೇ ಹೋಗೋದು ಅಂತ ಬಿಡಿಸಿ ಹೇಳಿದೆ. ಮಾವನ ಮುಖ ಸಣ್ಣದಾಯಿತು. ಪಾಪ ಅನ್ನಿಸಿತು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, "ಮುಟ್ಬ್ಯಾಡಿ ಕಣ್ರಪ್ಪೋ, ಮುಟ್ಬ್ಯಾಡಿ!"

ಆಗಸ್ಟ್ 7

ಮಧ್ಯಾಹ್ನ ಆದರೂ ಬಜೆಟ್ ಹಾಗೇ ಇದೆ. ಮಾವ ಫೋನಿನ ಕಡೆ ಕೈ ಚಾಚುತ್ತಾರೆ, ಬಿಸಿ ತವ ಮುಟ್ಟಿದವರ ಹಾಗೆ ಹಿಂದಕ್ಕೆ ತಗೊಳ್ತಾರೆ.

ಆಗಸ್ಟ್ 11

ಜನ ಏನಂತ ಹುಡುಕಿ ನಮ್ಮ ಹತ್ತಿರ ಬಂದರು ಅಂತ ತೋರಿಸೋ ಪುಟ ಒಂದಿದೆ. ಇವತ್ತು ಸಿಕ್ಕಿತು. ಅಯ್ಯೋ ದೇವರೇ...

"ಕನಸಿನಲ್ಲಿ ಚಪ್ಪಲಿ ಕಂಡರೆ ಏನರ್ಥ." "ದೇವಸ್ಥಾನದಲ್ಲಿ ಚಪ್ಪಲಿ ಕಳೆದುಹೋದರೆ ಶನಿ ಬಿಡುತ್ತಾ." ಇವರಿಗೆಲ್ಲ ನಾವು ದುಡ್ಡು ಕೊಟ್ಟು ಜಾಹೀರಾತು ತೋರಿಸ್ತಾ ಇದ್ವಿ! ಶನಿ ಅವರನ್ನು ಬಿಟ್ಟು ನಮ್ಮ ಹೆಗಲೇರಿದೆ.

ಬೇಡದ ಪದ ತಡೆಯೋ ಜಾಗ ಇದೆ. ಕನಸು — ಬೇಡ. ಶನಿ — ಬೇಡ. ದೇವಸ್ಥಾನ — ಕೆನ್ನೆ ಬಡಿದುಕೊಂಡು, ಅದೂ ಬೇಡ. ಬೆಂಗಳೂರಿಗೂ ತೋರಿಸ್ತಿದ್ದೆ, ನನ್ನ ಬುದ್ಧಿಗಿಷ್ಟು! ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಇಷ್ಟೇ ಇಟ್ಟೆ. ಬಸ್ಸಲ್ಲಿ ಬಂದು ಅಳತೆ ಕೊಟ್ಟು ಹೋಗೋಷ್ಟು ದೂರ.

ಆಗಸ್ಟ್ 14

ಕಸ ತೆಗೆದ ಮೇಲೆ ಉಳಿದವು ಇವು.

"ಮಗಳಿಗೆ ಒಂದು ಕಾಲು ಗಿಡ್ಡ ಸ್ಕೂಲ್ ಶೂ ಎಲ್ಲಿ ಸಿಗುತ್ತೆ."
"ಕುಂಟದಂಗೆ ನಡೆಯೋದು ಹೇಗೆ."
"ಕಾಲು ಎಳೆಯೋ ಸದ್ದು ಬರದಂಗೆ ಚಪ್ಪಲಿ."

ಕೈಯಲ್ಲಿದ್ದ ಕಾಫಿ ಆರಿಹೋಯಿತು. ಹೆಸರಿಲ್ಲ, ಮುಖ ಇಲ್ಲ. ಅಕ್ಕಪಕ್ಕದವರನ್ನು ಕೇಳೋಕಾಗದ್ದನ್ನು ಫೋನ್ ಹತ್ತಿರ ಕೇಳಿದ್ದಾರೆ. ಎಲ್ಲೋ ಹಿತ್ತಿಲಲ್ಲಿ ನಿಂತು, ಯಾರೂ ನೋಡ್ತಿಲ್ಲ ಅಂದುಕೊಂಡು. ದೇವರ ಕಿವಿಗೆ ಬೀಳಬೇಕಾದ್ದು ನನ್ನ ಕಿವಿಗೆ ಬಿದ್ದ ಹಾಗಾಯಿತು.

ಮಾವನಿಗೆ ಓದಿ ಹೇಳಿದೆ. "ಇವ್ರೆಲ್ಲಾ ನಮ್ಮ್ ಸುತ್ತಾನೇ ಅವ್ರಾ?" ಅಂತ ರಸ್ತೆ ಕಡೆ ನೋಡಿದರು.

ಆಗಸ್ಟ್ 29

ಗೌರಿ-ಗಣೇಶ ಮುಗೀತು. ಆ ಸ್ಕೂಲ್ ಶೂನವರು ಬಂದರು. ಇನ್ನೊಬ್ಬರು ಬೆಲೆ ಕೇಳಿ ಫೋನ್ ಇಟ್ಟರು. ಇಷ್ಟಕ್ಕೆ ಅಂಗಡಿ ಉಳಿಯಲ್ಲ. ಶರತ್ ಬಾಯಿಬಿಟ್ಟು ಹೇಳಲ್ಲ, ಕ್ಯಾಲೆಂಡರ್ ನೋಡ್ತಾರೆ.

ಇವತ್ತು ಪುಟದಲ್ಲಿ ಒಂದು ಉದ್ದದ ಸಾಲು. "ಹೆಣ್ಣು ನೋಡೋಕೆ ಬಂದಾಗ ಮನೆ ಒಳಗೆ ಹಾಕೋ ಎತ್ತರದ ಚಪ್ಪಲಿ."

ನಕ್ಕುಬಿಟ್ಟೆ. ತಡೆಯೋಣ ಅಂತ ಬೆರಳೂ ಇಟ್ಟಿದ್ದೆ. "ಅತ್ತೆ, ಕೇಳಿ ಇಲ್ಲಿ. ಹೆಣ್ಣು ನೋಡೋಕೆ ಬಂದೋರ ಮುಂದೆ ಯಾರಾದ್ರೂ ಚಪ್ಪಲಿ ಮೆಟ್ಟಿಕೊಂಡು ಓಡಾಡ್ತಾರಾ?"

ಅತ್ತೆ ನಗಲಿಲ್ಲ. ಅಕ್ಕಿ ಆರಿಸ್ತಾ ಇದ್ದವರು ಮೊರ ಕೆಳಗಿಟ್ಟರು. "ಬೀದೀಲಿ ಚಪ್ಲಿ ಆದದೆ ಕಣವ್ವ. ಒಸ್ಲು ದಾಟುದ್ ಮ್ಯಾಲೆ? ಅಡ್ಗೆಮನೆ, ನಡ್ಮನೆ, ಬೀಗ್ರ ಮನೆ... ಎಲ್ಲಾ ಬರಿಗಾಲೇಯ. ಅಲ್ಲೇ ಎಲ್ರೂ ನೋಡದು."

ಸೀರೆ ಅಂಚು ಸ್ವಲ್ಪ ಎತ್ತಿದರು. ಎಡಗಾಲಲ್ಲಿ ಬಿಳಿ ಬಟ್ಟೆಯ ಒಳಜೋಡು. ಹೆಸರಿಗೆ ಜೋಡು, ಇರೋದು ಒಂಟಿ. ಹಗುರವಾದ ಹಾಲುವಾಣ ಮರದ ಅಟ್ಟೆ, ಮೇಲೂ ಕೆಳಗೂ ದಪ್ಪ ಬಟ್ಟೆ, ಚರ್ಮದ ಚೂರೂ ಇಲ್ಲ. ದೇವರ ಮನೆಗೂ ಅದರಲ್ಲೇ ಹೋಗ್ತಾರೆ. ಮಾವ ಹುಣಸೂರಿನ ಮರದ ಡಿಪೋ ಸುತ್ತಿ ಮರ ಆರಿಸಿ ಅತ್ತೆಗೆ ಅಂತಲೇ ಮಾಡೋದು, ಸವೆದರೆ ಇನ್ನೊಂದು.

ಮದುವೆಯಾಗಿ ಬಂದಾಗಿನಿಂದ ದಿನಾ ನೋಡ್ತಿದ್ದೀನಿ. ಒಗೆದು ಹಗ್ಗದ ಮೇಲೆ ಒಣಹಾಕಿದ್ದೀನಿ. ಇದು ಮಾರೋ ವಸ್ತು ಅಂತ ಒಂದು ದಿನವೂ ಹೊಳೆಯಲಿಲ್ಲ. ಯಾವುದೋ ಹುಡುಗಿ ಲೋಕವನ್ನೆಲ್ಲ ಕೇಳ್ತಿರೋದು ನಮ್ಮ ಅಡುಗೆಮನೇಲಿ ಓಡಾಡ್ತಿದೆ. ಬೆರಳು ಹಿಂದಕ್ಕೆ ತಗೊಂಡೆ.

ಆಗಸ್ಟ್ 30

ಮಾವ ಒಪ್ಪಲಿಲ್ಲ. "ಅದು ನಿಮ್ಮತ್ತೆಗ್ ಮಾಡಿದ್ದು. ಮಾರಾಟಕ್ಕಲ್ಲ." ಅಷ್ಟು ಗಡುಸಾಗಿ ಮಾತಾಡಿದ್ದು ನಾನು ಕಂಡೇ ಇರಲಿಲ್ಲ.

ಅತ್ತೆ ಅಂಗಡಿ ಹಿಂದಿನ ಮನೆ ಒಳಗಿಂದಲೇ ಅಂದರು: "ನಂಗ್ ನೀವ್ ಸಿಕ್ಕುದ್ರಿ. ಆ ಮಗೀಗ್ಯಾರವ್ರೆ?"

ಸಂಜೆ ಮಾವ ಹಾಲುವಾಣದ ತುಂಡು ಹುಡುಕಿಕೊಂಡು ಡಿಪೋಗೆ ಹೋದರು. ನಾನು ಜಾಹೀರಾತು ಬದಲಾಯಿಸಿದೆ. "ಮನೆ ಒಳಗೂ ಹಾಕಬಹುದು. ಚರ್ಮ ಇಲ್ಲ. ಸದ್ದಿಲ್ಲ." ಕೆಳಗೆ ಫೋನ್ ಬಟನ್. ಜನ ಹೇಗೆ ಕೇಳ್ತಾರೋ ಹಾಗೇ ಬರೆದೆ, ಪುಸ್ತಕದ ಕನ್ನಡ ಬೇಡ.

ಸೆಪ್ಟೆಂಬರ್ 19

ಇಷ್ಟು ದಿನ ಬರೆಯೋಕೆ ಕೈ ಬರಲಿಲ್ಲ. ಕಾಲ್ ಬರ್ತವೆ, ಕೇಳ್ತಾರೆ, "ನೋಡಾನ" ಅಂತಾರೆ. ಇವತ್ತು ಮಾತ್ರ ಬರೆಯದೆ ಮಲಗೋಕಾಗಲ್ಲ.

ಬೆಳ್ಳಮ್ಮ ಅಂತ, ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವರು. ಅಂಗನವಾಡಿ ಸಹಾಯಕಿ. ಫೋನಿಗೆ ಮಾತಾಡಿಯೇ ನಮ್ಮನ್ನು ಹುಡುಕಿದ್ದು. "ಒಳೀಕೆ ಚಪ್ಲಿ ಆಕಂಗಿಲ್ಲ. ಕೂಸ್ಗಳ ಎತ್ಕಂಡ್ರೆ ವಾಲ್ತೀನಿ. ಎಲ್ಲಿ ಬೀಳುಸ್ಬುಡ್ತೀನೋ ಅಂತ ಜೀವ ಕೈಲಿರ್ತದೆ" ಅಂದರು. ಹೋದ ವಾರ ಅಳತೆ ಕೊಟ್ಟಿದ್ದರು, ಇವತ್ತು ತಗೊಂಡು ಹೋಗೋಕೆ ಬಂದರು.

ಹಾಕಿಕೊಂಡರು. ಗೋಡೆಯಿಂದ ಬಾಗಿಲಿಗೆ ನಡೆದರು. ತಿರುಗಿ ಬಂದರು. ಹೆಗಲು ವಾಲಲಿಲ್ಲ. ತಮ್ಮ ಕಾಲನ್ನು ತಾವೇ ಬೇರೆಯವರದ್ದು ಅನ್ನೋ ಹಾಗೆ ನೋಡಿಕೊಂಡರು. ಮತ್ತೆ ನಡೆದರು.

ಅತ್ತೆ ಮನೆ ಕಡೆಯ ಬಾಗಿಲಿಗೆ ಒರಗಿ ನಿಂತಿದ್ದರು. ಬೇರೆಯವರ ಕಾಲಲ್ಲಿ ಅದನ್ನು ನೋಡಿದ್ದು ಇದೇ ಮೊದಲು. ಮಾವನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ನಾನೂ ನಡ್ಯದು ಇಂಗೇನಾ?"

"ಊಂ" ಅಂದರು ಮಾವ. "ಇಂಗೇಯ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಶರತ್ ಬೀದಿ ಬಾಗಿಲಲ್ಲೇ ನಿಂತಿದ್ದವರು ಸರಕ್ಕನೆ ಆಚೆ ಹೋದರು. ನಾನಂತೂ ಅತ್ತೇಬಿಟ್ಟೆ. ನಾಚಿಕೆಯಿಲ್ಲದೆ, ಗಿರಾಕಿಯ ಮುಂದೆ.

ಸೆಪ್ಟೆಂಬರ್ 26

ಬೆಳ್ಳಮ್ಮನ ಕಡೆಯಿಂದ ಇನ್ನೊಬ್ಬರು ಬಂದರು. ಪಿರಿಯಾಪಟ್ಟಣದಿಂದ ಇಬ್ಬರು. ಮಾವ ಬಟ್ಟೆ ಹೊಲಿಯೋಕೆ ಅತ್ತೆಯನ್ನೂ ಕೂರಿಸಿಕೊಂಡಿದ್ದಾರೆ.

ಆ ಉದ್ದ ಸಾಲಿನ ಹುಡುಗಿ ಮಾತ್ರ ಬಂದಿಲ್ಲ. ಮತ್ತೆ ಹುಡುಕಿದಳೋ ಇಲ್ಲವೋ. ಕೆಲವು ಹುಡುಕಾಟ ಆ ಪುಟ ತೋರಿಸೋದೇ ಇಲ್ಲ. ಹೆಣ್ಣು ನೋಡಿ ಹೋದರೇನೋ.

ಅಕ್ಟೋಬರ್ 1, ಆಯುಧಪೂಜೆ

ಬೆಳಿಗ್ಗೆ ಶರತ್ ತಾವೇ ಅಂಗಡಿ ಬೋರ್ಡಿಗೆ ಚೆಂಡುಹೂವಿನ ಹಾರ ಹಾಕಿದರು. ಮಾವ ರಂಪಿ, ದಬ್ಬಳ, ಮರದ ಅಚ್ಚುಗಳನ್ನೆಲ್ಲ ತೊಳೆದು ಸಾಲಾಗಿಟ್ಟರು. ಕೊನೆಗೆ ಅಂಗಡಿ ಫೋನನ್ನೂ ಇಟ್ಟು ಕುಂಕುಮ ಹಚ್ಚಿದರು. ತಲೆ ತಗ್ಗಿಸಿಯೇ ಕೇಳಿದರು: "ಮೊಬೈಲ್ ಅಂಗ್ಡಿಯೋರು ನಾಳೀಕೆ ಬತ್ತಾರಾ?"

"ಬ್ಯಾಡ ಅಂದೆ ಕಣಪ್ಪ. ಬೆಳ್ಳಮ್ಮ ನಡುದ್ರಲ್ಲ, ಅವತ್ತೇ ಅಂದೆ" ಅಂದರು ಶರತ್.

ಮಾವ ಕಡ್ಡಿ ಗೀರಿದರು, ಹತ್ತಲಿಲ್ಲ. ಶರತ್ ಹಚ್ಚಿಕೊಟ್ಟರು.

ಮಂಗಳಾರತಿ ಆಯಿತು. ಪೂಜೆಗೆ ಇಟ್ಟ ಆಯುಧ ನಾಳೆವರೆಗೂ ಮುಟ್ಟೋ ಹಾಗಿಲ್ಲ. ಆಗ ಫೋನ್ ಹೊಡಕೊಂಡಿತು. ಎಲ್ಲರೂ ಅದನ್ನೇ ನೋಡ್ತಾ ನಿಂತೆವು.

"ಎತ್ತವ್ವ" ಅಂದರು ಮಾವ. "ಬೋಣಿ."

ಸಣ್ಣ ದನಿ. ಯಾರಿಗೂ ಕೇಳಬಾರದು ಅನ್ನೋ ಹಾಗೆ. "ಅಕ್ಕಾ... ಮನೆ ಒಳಗೂ ಹಾಕಬಹುದು ಅಂತ ಇತ್ತು, ನಿಜವಾ? ಗಣೇಶನ ಹಬ್ಬದಲ್ಲೂ ಹುಡುಕಿದ್ದೆ, ಸಿಕ್ಕಿರ್ಲಿಲ್ಲ. ಆಗ ಬಂದೋರು ಒಪ್ಲಿಲ್ಲ. ಮುಂದಿನ್ ವಾರ ಬೇರೆಯೋರು ಬತ್ತಾವ್ರೆ. ಕಾಲಿಂದು ಮೊದ್ಲೇ ಹೇಳಿದೀವಿ ಅಕ್ಕ, ಮುಚ್ಚಿಡಕ್ಕಲ್ಲ. ಕಾಫಿ ತಟ್ಟೆ ಹಿಡ್ಕೊಂಡ್ ಬರ್ಬೇಕಲ್ಲ. ಚೆಲ್ಲಬಾರ್ದು, ಅಷ್ಟೇಯ."

ಅವಳೇ. ಚುಂಚನಕಟ್ಟೆಯವಳಂತೆ, ಶೋಭಾ ಅಂತೆ. ಆ ಸಾಲಿಗೆ ಒಂದು ದನಿ ಇದೆ, ಹೆಸರಿದೆ! ನಾಳೆ ಬೆಳಿಗ್ಗೆ ಬಾರಮ್ಮ ಅಂದೆ. ಅಲ್ಲಿವರೆಗೂ ಕಾಯೋಕಾಗದೆ ಇವತ್ತೇ ಬಸ್ ಹತ್ತಿ ಬಂದಿದ್ದಾಳೆ, ಅಪ್ಪನ ಜೊತೆ. ನಡುಮನೇಲಿ ಕೂತಿದ್ದಾಳೆ.

ಮಾವ ಕುಂಕುಮ ಹತ್ತಿದ ರಂಪಿ ಕೈಗೆತ್ತಿಕೊಂಡಿದ್ದಾರೆ. ಪೂಜೆ ದಿನ! ಅತ್ತೆ ಬೈಯಲಿಲ್ಲ. ಒಲೆ ಮೇಲೆ ಹಾಲಿಟ್ಟು, ತಮ್ಮ ಒಳಜೋಡನ್ನೇ ಕಳಚಿ ಹುಡುಗಿಗೆ ಕೊಟ್ಟು, "ಆಕ್ಕಂಡ್ ನೋಡು ಮಗ" ಅಂದರು. ಈಗ ಕಾಫಿ ತಟ್ಟೆ ಕೊಟ್ಟಿದ್ದಾರೆ. ಲೋಟ ತುಂಬ. ಎದ್ದಳು... ನಾನು ಹೋಗಿ ನೋಡ್ಬೇಕು —