ಮೂರು ಕೈ, ಒಂದು ಸಹಿ

ಹೂರಾ, ಬಹರೈನ್
೧೬ ಮಾರ್ಚ್ ೧೯೯೬

ಪ್ರೀತಿಯ ಅಮ್ಮಾ,

ಹೇಗಿದ್ದೀ? ಅಜ್ಜಿಯ ಕಾಲಿನ ಪ್ಲಾಸ್ಟರ್ ತೆಗೆದರಾ? ನೀನು ಮೂಲ್ಕಿಗೆ ಹೋಗಿ ಐದು ವಾರವಾಯಿತು. ಅಲ್ಲಿ ನಿನ್ನ ಬಿ.ಪಿ. ಮಾತ್ರೆ ನೆನಪಿಸುವವರಿಲ್ಲ ಅಂತ ನನಗೆ ಟೆನ್ಶನ್. ಇಲ್ಲಿ ಎಲ್ಲರೂ ಆರೋಗ್ಯ. ಪಪ್ಪ ಮಾಡುವ ಸಾರು ಬಿಟ್ಟರೆ ಬೇರೆ ಕಂಪ್ಲೇಂಟ್ ಇಲ್ಲ.

ಕಾಲೇಜಿನಲ್ಲಿ ಯುರೋಪಿನ ಎರಡು ದೇಶಗಳ ರಾಜಕೀಯ ಹೋಲಿಸುವ ಅಸೈನ್‌ಮೆಂಟ್ ಕೊಟ್ಟಿದ್ದರು. ಫಿನ್‌ಲೆಂಡ್, ಸ್ವಿಟ್ಜರ್ಲೆಂಡ್ ತೆಗೆದುಕೊಂಡೆ. ಎರಡೂ ಶ್ರೀಮಂತ, ಎರಡೂ ಕ್ಲೀನ್, ಬರೆಯಲು ಸುಲಭ ಅಂದುಕೊಂಡಿದ್ದೆ. ಫಿನ್‌ಲೆಂಡಿನ ಹೆಂಗಸರಿಗೆ ೧೯೦೬ರಲ್ಲೇ ವೋಟು ಸಿಕ್ಕಿತ್ತು. ಸ್ವಿಟ್ಜರ್ಲೆಂಡಿನ ಅಪೆನ್‌ಝೆಲ್ ಕಡೆಯ ಒಂದು ಪುಟ್ಟ ಪ್ರಾಂತ್ಯದಲ್ಲಿ ಗಂಡಸರು ವರ್ಷಕ್ಕೊಮ್ಮೆ ಚೌಕದಲ್ಲಿ ಸೇರಿ, ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು. ಹೆಂಗಸರಿಗೂ ಆ ಹಕ್ಕು ಕೊಡೋಣವೇ ಎಂದು ಕೇಳಿದಾಗ ಬೇಡವೆಂದೇ ಕೈ ಎತ್ತಿದರು. ಯಾವಾಗ ಗೊತ್ತಾ? ೧೯೯೦ರಲ್ಲಿ! ನಾನಾಗ ಹಾಸ್ಟೆಲಿನಲ್ಲಿ ಏಳನೇ ಕ್ಲಾಸು. ಕೊನೆಗೆ ಕೋರ್ಟೇ ಕೊಡಿಸಬೇಕಾಯಿತು. ಪ್ರಿಂಟಿಂಗ್ ಮಿಸ್ಟೇಕ್ ಇರಬೇಕೆಂದು ಲೈಬ್ರರಿಯಲ್ಲಿ ಇನ್ನೊಂದು ಪುಸ್ತಕ ತೆರೆದು ನೋಡಿದೆ. ಅದರಲ್ಲೂ ಹಾಗೇ ಇತ್ತು.

ನಿನ್ನೆ ಶುಕ್ರವಾರ ನಿನ್ನ ತಮ್ಮ ಕುಶಲ ಮಾಮ ಊಟಕ್ಕೆ ಬಂದಿದ್ದರು. ಕೀರ್ತನಣ್ಣ ಅಂಜಲ್ ಮೀನು ಹುರಿದಿದ್ದ. ಈ ಕಥೆ ಹೇಳಿದೆ, ಎಲ್ಲರೂ ನಕ್ಕರು. ಆಮೇಲೆ ಮಾಮ ನನಗೆಂದು ನೋಡಿರುವ ದೋಹಾದ ಹುಡುಗನ ವಿಷಯ ತೆಗೆದರು. ಮೇ ತಿಂಗಳಲ್ಲೇ ಮದುವೆ, ಕಾಲೇಜು ಇಷ್ಟು ಸಾಕಂತೆ. "ನಾವೂ ಅವರ ಹಾಗೇ ಕೈ ಎತ್ತುವ ಮಾರಾಯ್ರೆ" ಅಂದರು. ಅವರ ಕೈ ಎದ್ದಿತು, ಪಪ್ಪನದೂ. ಅಣ್ಣ ಟಿ.ವಿ. ನೋಡುತ್ತಾ ಅರ್ಧ ಎತ್ತಿದ. ನಾನು ಎಂಜಲು ತಟ್ಟೆ ಹಿಡಿದುಕೊಂಡು ನಿಂತಿದ್ದೆ.

ತಮಾಷೆ ಅಂದುಕೊಂಡೆ ಅಮ್ಮಾ. ಆದರೆ ಪಪ್ಪ ಫೈಲಿನಿಂದ ಕಾಲೇಜು ಬಿಡಿಸುವ ಅರ್ಜಿ ತೆಗೆದರು, ಟೈಪ್ ಮಾಡಿದ್ದು. ಕೆಳಗೆ ನಿನ್ನ ಸಹಿ. "ನಿನ್ನಮ್ಮನೂ ಒಪ್ಪಿದ್ದಾಳಲ್ಲ ಮಗಾ" ಅಂದರು, ಪ್ರೀತಿಯಿಂದಲೇ. ತಾರೀಕು ಮಾತ್ರ ಮೊನ್ನೆಯದು. ಹೋಗುವ ಮುಂಚೆ, ವೀಸಾ ಕೆಲಸಕ್ಕೆ ಬೇಕಾದೀತೆಂದು ನೀನು ಖಾಲಿ ಹಾಳೆಗಳಿಗೆ ಸಹಿ ಮಾಡಿಕೊಟ್ಟದ್ದು ನನಗೆ ಗೊತ್ತು. ಹಾಸ್ಟೆಲಿಗೂ ನೀನು ಹಾಗೇ ಸಹಿ ಹಾಕಿದ ಖಾಲಿ ಹಾಳೆ ಕಳಿಸುತ್ತಿದ್ದೆ. ಒಮ್ಮೆ ನಾನೇ ಅದರಲ್ಲಿ 'ಅಜ್ಜಿಗೆ ಜ್ವರ' ಎಂದು ಬರೆದು ಸಿನಿಮಾಕ್ಕೆ ಹೋಗಿದ್ದೆ, ಬೈಯಬೇಡ. ಅದಕ್ಕೇ ಪಪ್ಪನ ಹತ್ತಿರ ಜಗಳ ಮಾಡದೆ ನಿನಗೇ ಬರೆಯುತ್ತಿದ್ದೇನೆ.

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು.

ನಿನ್ನ
ಅಶ್ಮಿತಾ

ತಾ.ಕ.: ಪಕ್ಕದ ಫ್ಲ್ಯಾಟಿನ ಸಫಿಯಾ ಆಂಟಿ ನಾಳೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಪಪ್ಪ ಅರ್ಜಿ ಕೊಡುವುದು ಮೂವತ್ತಕ್ಕೆ. ಅಷ್ಟರೊಳಗೆ ನನ್ನನ್ನು ಬಿಡಿಸಬೇಡಿ ಎಂದು ಕಾಲೇಜಿಗೆ ಫ್ಯಾಕ್ಸ್ ಮಾಡು, ನಂಬರ್ ಹಿಂಬದಿಯಲ್ಲಿದೆ. ಮದುವೆಯೇ ಆಗಲಿ ಎಂದು ನಿನಗೂ ಅನಿಸಿದರೆ ಹಾಗೇ ಬರೆ, ನಾನು ಏನೂ ಹೇಳುವುದಿಲ್ಲ. ಆದರೆ ನೀನೇ ಬರೆ ಅಮ್ಮಾ. ಪೂರ್ತಿ ಬರೆದಾದ ಮೇಲೆ ಸಹಿ ಹಾಕು.