ದೀಪಕ್ಕೆ ಬೀಸಿದ ಕೈ

ಅಕ್ಕಾ,

ಕಲ್ಲಿದ್ದಲು ಬಿಟ್ಟು ಬಿಸಿಲು, ಗಾಳಿಯ ಕರೆಂಟಿಗೆ ಬದಲಾದರೆ ಜನರಿಗೇನಾಗುತ್ತದೆ ಎಂದು ಈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರು, ಅರ್ಥಶಾಸ್ತ್ರದವರು, ನಾನು ಸೇರಿ ಅಧ್ಯಯನ ಮಾಡುತ್ತಿದ್ದೇವೆ. ಲೆಕ್ಕವೆಲ್ಲ ಅವರದು, ಜನರ ಮಾತು ಕೇಳುವುದು ನನ್ನದು. ನಮ್ಮ ಕಟ್ಟಡ ಎಂಥ ಜಿಪುಣ ಕೇಳು: ಯಾರೂ ಅಲುಗಾಡದಿದ್ದರೆ ದೀಪ ತಾನೇ ಆರುತ್ತದೆ, ಕೈ ಬೀಸಿದರೆ ಮತ್ತೆ ಹತ್ತುತ್ತದೆ.

ಮುಚ್ಚಿಹೋದ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ತಾತ ಒಬ್ಬರು ನಿನ್ನೆ ನನ್ನ ಕೋಣೆಗೆ ಮಾತಾಡಲು ಬಂದಿದ್ದರು. ಕೊನೆಯ ದಿನ ಬೆಂಕಿ ಆರಿಸಿದ್ದನ್ನು ಹೇಳುತ್ತಾ ಹೇಳುತ್ತಾ ಸುಮ್ಮನಾದರು. ನಾನೂ ಉಸಿರು ಬಿಗಿಹಿಡಿದು ಕೂತೆ. ದೀಪ ಆರಿತು. ಅಭ್ಯಾಸಬಲದಿಂದ ಕೈ ಬೀಸಿದೆ. ಬೆಳಕು ಬಂದಾಗ ನನ್ನ ಕೈ ಬಾಗಿಲ ಕಡೆಗಿತ್ತು.

"ಸಾಕಾ? ಸರಿ, ಬರ್ತೀನಮ್ಮ" ಎಂದು ಟೋಪಿ ಎತ್ತಿಕೊಂಡು ಹೊರಟೇಬಿಟ್ಟರು.

"ಅಯ್ಯೋ ತಾತ, ದೀಪಕ್ಕೆ ಬೀಸಿದ್ದು!" ಎನ್ನುವಷ್ಟರಲ್ಲಿ ಲಿಫ್ಟ್ ಬಾಗಿಲು ಮುಚ್ಚಿತ್ತು. ಫೋನ್ ಮಾಡಿದರೆ ಎತ್ತುತ್ತಿಲ್ಲ.

ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ಈಗಲೂ ದೀಪ ಆರಿದೆ. ಈ ಕಾರ್ಡು ಬರೆಯುವ ಕೈಯ ಅಲುಗಾಟ ಅದಕ್ಕೆ ಸಾಲದು. ಕೈ ಎತ್ತಲು ಮನಸ್ಸಾಗುತ್ತಿಲ್ಲ. ಕಂಪ್ಯೂಟರ್ ಪರದೆಯ ಬೆಳಕಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ತಂಗಿ