ಸೆಣಬಿನ ದಾರದಲ್ಲಿ ಹೊಲಿದ ಯೋಗದ ಪುಸ್ತಕ

ಅತ್ತೀ,

ಶರಣಾರ್ಥಿ. ನಿಮಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯಲು ಕೂತಿದ್ದೇನೆ. ನೀವಿದ್ದಾಗ ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆನಲ್ಲ, ಇದನ್ನೂ ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದೇನೆ. ಹೊರಗಿನ ಕಟ್ಟೆಯಿಂದ ನಿಮ್ಮ ಮಗ "ಯಾರ ಜೋಡಿ ಮಾತಾಡಾಕತ್ತಿ?" ಎಂದರು. "ನಿಮ್ಮವ್ವನ ಜೋಡಿ" ಎಂದೆ. ನೀವು ಹೋಗಿ ಮೂರು ವರ್ಷವಾದರೂ ಈ ಮನೆಯಲ್ಲಿ ನಿಮ್ಮ ಹೆಸರು ಹೇಳಿದರೆ ಎದುರು ಮಾತಿಲ್ಲ, ನೋಡಿ.

ನಾನು ಸೊಸೆಯಾಗಿ ಸಿರುಗುಪ್ಪಕ್ಕೆ ಬಂದ ಮೂರನೇ ವಾರ ಇರಬೇಕು. ಸುಗ್ಗಿಯ ಕಾಲ. ಮಾವ ಮೇಸ್ತ್ರಿಯಾಗಿದ್ದ ಅಕ್ಕಿ ಗಿರಣಿಗೆ ಬಿಡುವೇ ಇರಲಿಲ್ಲ, ನಮ್ಮ ಮನೆ ಅದರ ಬೆನ್ನಿಗೇ. ಎಷ್ಟು ಸಲ ಗುಡಿಸಿದರೂ ಅಂಗಳದಲ್ಲಿ ಹೊಟ್ಟಿನ ಧೂಳು. ಅವತ್ತು ಮಧ್ಯಾಹ್ನ ಕಸ ಹೊಡೆಯುತ್ತಿದ್ದವಳಿಗೆ ಎದೆ ಕಟ್ಟಿತು. ಪೊರಕೆ ಬಿಟ್ಟು ಹಿತ್ತಲಿಗೆ ಓಡಿ, ಬೇವಿನ ಮರ ಹಿಡಿದು ಬಗ್ಗಿ ನಿಂತೆ. ಸೀಟಿ ಹೊಡೆದಂತೆ ಉಸಿರು. ಸ್ವಲ್ಪ ತಹಬಂದಿಗೆ ಬಂದು ತಿರುಗಿದರೆ ನೀವು ಕೊಡ ಹಿಡಿದು ನಿಂತಿದ್ದಿರಿ. "ಏನಾತವ್ವ?" ಎಂದಿರಿ. "ಏನಿಲ್ಲರಿ ಅತ್ತಿ, ನೆತ್ತಿಗೆ ಹತ್ತಿತು" ಎಂದೆ. ಊಟವನ್ನೇ ಮಾಡಿರಲಿಲ್ಲ, ನೆತ್ತಿಗೆ ಹತ್ತುವುದೇನು ಬಂತು? ನೀವು ಒಂದು ಚೊಂಬು ನೀರು ಕೊಟ್ಟು ಒಳಗೆ ಹೋದಿರಿ.

ನನಗೆ ಉಬ್ಬಸ ಏಳನೇ ವಯಸ್ಸಿನಿಂದ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮನೆಯ ಅಕ್ಕಪಕ್ಕದವರಿಗೆಲ್ಲ ಗೊತ್ತು. ಆದರೆ ಹೆಣ್ಣು ನೋಡಲು ನೀವು ಬಂದ ದಿನ ಅಪ್ಪ ಅಮ್ಮ ಅದನ್ನು ಮುಚ್ಚಿಟ್ಟರು. ಎರಡು ಸಂಬಂಧ ಅದೇ ಕಾರಣಕ್ಕೆ ತಪ್ಪಿದ್ದವು, ಅವರಾದರೂ ಏನು ಮಾಡಿಯಾರು? ಇತ್ತ ನಿಮ್ಮ ಅಣ್ಣ, ಸಿರಿಗೇರಿಯ ಮಾವ, ತಮ್ಮ ಮಗಳನ್ನು ಬಿಟ್ಟು "ಪ್ಯಾಟಿ ಹುಡುಗಿ"ಯನ್ನು ತಂದಿರಿ ಎಂದು ಹಲ್ಲು ಕಡಿಯುತ್ತಿದ್ದರು. ನನ್ನಲ್ಲಿ ಒಂದು ಐಬು ಸಿಕ್ಕಿದ್ದರೆ ಸಾಕಿತ್ತು, ನನ್ನ ಟ್ರಂಕಿನ ಸಮೇತ ಬಳ್ಳಾರಿ ಬಸ್ಸು ಹತ್ತಿಸುತ್ತಿದ್ದರು. ಆ ಹೆದರಿಕೆಯಲ್ಲೇ ನಾನು ಒಂದೊಂದು ದಿನ ತಳ್ಳುತ್ತಿದ್ದೆ.

ಆಮೇಲೆ ಆ ಮಂಡಕ್ಕಿಯ ಪೊಟ್ಟಣ. ನೆನಪಿದೆಯಾ? ಮಾವ ಬಸ್ ಸ್ಟ್ಯಾಂಡಿನಿಂದ ಮಂಡಕ್ಕಿ, ಮಿರ್ಚಿ ತಂದಿದ್ದರು. ಪೊಟ್ಟಣದ ಕಾಗದ ಯಾವುದೋ ವಾರಪತ್ರಿಕೆಯದು. ಅದರಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಗಂಡಸಿನ ಚಿತ್ರ. "ಇವ ಯಾಕ ಮೂಗು ಹಿಡ್ಕೊಂಡಾನ? ಓದಿ ಹೇಳು" ಎಂದಿರಿ. ಎಣ್ಣೆ ಇಳಿದ ಅಕ್ಷರ ಕೂಡಿಸಿಕೊಂಡು ಓದಿದೆ. ಯೋಗದ ಪಾಠ, ವಾರಕ್ಕೊಂದು. ಈ ವಾರದ ಪ್ರಾಣಾಯಾಮ ಉಬ್ಬಸ ಇರುವವರಿಗೆ... ಆ ಒಂದು ಪದ ಬಂದಾಗ ನನ್ನ ದನಿ ಸಣ್ಣದಾಯಿತು. ನೀವು ಮಿರ್ಚಿ ಮುರಿದುಕೊಂಡು ತಿನ್ನುತ್ತಲೇ ಇದ್ದಿರಿ. ಮರುದಿನ ಬೆಳಿಗ್ಗೆ ಮಾವನ ಮುಂದೆ ಎದೆ ಹಿಡಿದುಕೊಂಡು ಕೂತಿರಿ. "ಯಾಕೋ ನನಗ ದಮ್ಮು ಹತ್ತಾಕತ್ತೈತಿ ನೋಡ್ರಿ."

ನನ್ನ ದಡ್ಡತನ ಕೇಳಿ ಅತ್ತಿ, ನಾನು ಅದನ್ನು ಪೂರಾ ನಂಬಿದೆ! ಬರೀ ನಂಬಿದ್ದಲ್ಲ, ನನ್ನ ಉಬ್ಬಸವೇ ನಿಮಗೆ ಅಂಟಿಕೊಂಡಿತು ಎಂದು ತಿಳಿದು ದೇವರ ಮನೆಯಲ್ಲಿ ಕೂತು ಅತ್ತೆ. ಬಂದ ತಿಂಗಳೊಳಗೆ ಅತ್ತೆಗೆ ರೋಗ ತಂದ ಸೊಸೆ! ನಾನು ಹಾಗೆ ಅಳುತ್ತಿದ್ದರೆ ನೀವು ಆರಾಮಾಗಿ ನಿಮ್ಮ ಕಾನೂನು ಜಾರಿಗೆ ತಂದಿರಿ. ನಿಮಗೆ ದಮ್ಮು, ಆದ್ದರಿಂದ ಮೈದುನ ಅಂಗಳ ಗುಡಿಸಬೇಕು, ಸೊಸೆ ಒಳಗೆ ನಿಮ್ಮ ಜೊತೆಗಿರಬೇಕು. ನಿಮಗೆ ದಮ್ಮು, ಆದ್ದರಿಂದ ದಿನಾ ಶುಂಠಿ ಮೆಣಸಿನ ಕಷಾಯ. ಯಾವಾಗಲೂ ಒಂದು ಲೋಟ ಹೆಚ್ಚಾಗುತ್ತಿತ್ತು. "ಚೆಲ್ಲಬ್ಯಾಡ, ನೀ ಕುಡಿ." ನಿಮಗೆ ದಮ್ಮು, ಆದ್ದರಿಂದ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಖಾದರ್ ಸಾಬರು ಪ್ರತಿ ವಾರ ಆ ಪತ್ರಿಕೆ ತೆಗೆದಿಡಬೇಕು.

ಬೆಳಿಗ್ಗೆ ಮಾಳಿಗೆಯ ಮೇಲೆ, ಧೂಳು ಏಳುವ ಮುಂಚೆ, ನಾವಿಬ್ಬರು. ನಾನು ಓದಬೇಕು, ನೀವು ಮಾಡಬೇಕು, ಅದು ಲೆಕ್ಕ. ಆದರೆ ನೀವು ಚಾಪೆಯ ಮೇಲೆ ಕೂತು "ಓದಿದ್ರ ನನಗ ತಿಳಿಯಂಗಿಲ್ಲ. ನೀ ಮಾಡಿ ತೋರ್ಸು, ನಾ ನೋಡಿ ಕಲಿತೀನಿ" ಎನ್ನುತ್ತಿದ್ದಿರಿ. ಎಡ ಮೂಗಿನಿಂದ ಎಳೆದು ಬಲದಿಂದ ಬಿಡುವುದನ್ನು ನಾನು ಹತ್ತು ಸಲ ತೋರಿಸಬೇಕು. "ಇನ್ನೊಮ್ಮೆ ತೋರ್ಸು, ಮರ್ತೆ." ಎಂಥ ಮಂದಬುದ್ಧಿಯ ಅತ್ತೆ ಸಿಕ್ಕರಪ್ಪಾ ಎಂದುಕೊಳ್ಳುತ್ತಿದ್ದೆ. ಕ್ಷಮಿಸಿ.

ಓಣಿಯವರಿಗೆ ಯೋಗವೆಂದರೆ ತೆಲುಗು ಸಿನಿಮಾದಲ್ಲಿ ಕಂಡದ್ದಷ್ಟೇ, ಮೈಮೇಲೆ ಹುತ್ತ ಬೆಳೆದ ಋಷಿ, ಇಲ್ಲವೇ ಕಾಲು ಗಂಟು ಬಿದ್ದು ಬಿಡಿಸಿಕೊಳ್ಳಲಾರದ ಹಾಸ್ಯದವನು. ಹೆಂಗಸರು ಮಾಡಿದರೆ ಸಂಸಾರ ಬಿಡುತ್ತಾರಂತೆ ಎಂದು ಎದುರುಮನೆಯವರು ಹೆದರಿಸಿದರು. ಮಾವ "ಏನಬೇ, ಕಾವಿ ಸೀರಿ ತರ್ಲೇನು?" ಎಂದು ಕಾಡಿದರೆ ನೀವು "ತರ್ರಿ, ನಿಮಗೂ ಒಂದು ಕಾವಿ ಪಂಜಿ ತರ್ರಿ, ಅಡಿಗಿ ಮಾಡಾಕ ಯಾರು ಇರ್ತಾರ ಇಲ್ಲಿ?" ಎಂದು ಬಾಯಿ ಮುಚ್ಚಿಸುತ್ತಿದ್ದಿರಿ.

ಹಲಾಸನದ ವಾರವನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಕಾಲನ್ನು ತಲೆಯ ಹಿಂದಕ್ಕೆ ನೆಲ ಮುಟ್ಟಿಸಿದ ಚಿತ್ರ. ಅದು ನಮ್ಮ ದಮ್ಮಿಗೆ ಸಂಬಂಧಪಟ್ಟದ್ದೂ ಅಲ್ಲ. ಆದರೆ "ನೇಗಿಲ ಹಂಗ ಐತಿ, ಇದನ್ನ ನಾನ ಮಾಡ್ತೀನಿ" ಎಂದು ಸೀರೆ ಬಿಗಿದು ಸಿಕ್ಕಿಸಿ, ನಾನು ಓದಿದಂತೆಲ್ಲ ಮಾಡುತ್ತ, ಕಾಲು ಎತ್ತಿಯೇಬಿಟ್ಟಿರಿ. ಬೆರಳು ನೆಲ ಮುಟ್ಟಿತು. ಆಮೇಲೆ ನಾನು ಕೊನೆಯ ಸಾಲು ಓದಿದೆ. ಈ ಆಸನದಿಂದ ಇಳಿಯುವ ಕ್ರಮವನ್ನು ಮುಂದಿನ ವಾರ ನೋಡೋಣ.

"ಮುಂದಿನ ವಾರ ಅಂದ್ರ?" ಎಂದಿತು ಮಡಚಿದ ಮೈಯೊಳಗಿನಿಂದ ನಿಮ್ಮ ದನಿ. "ಅಲ್ಲೀತನ ನಾ ಹಿಂಗ ಇರ್ಲೇನು?"

ಅಷ್ಟರಲ್ಲಿ ಮಾವ ಮಾಳಿಗೆ ಹತ್ತಿ ಬಂದರು. "ಏ, ಏನಿದು!" ಎಂದು ಮೆಟ್ಟಿಲಲ್ಲೇ ನಿಂತರು. ನೀವು "ಸುಮ್ನ ಇರ್ರಿ, ಇಳಿಯೋದು ಇನ್ನಾ ಅಚ್ಚಾಗಿಲ್ಲಂತ" ಎಂದಿರಿ. ಆಮೇಲೆ ಮಗ್ಗುಲಿಗೆ ಉರುಳಿ, ಎದ್ದು ಕೂತು, ಮೊದಲು ಸೆರಗು ಸರಿ ಮಾಡಿಕೊಂಡಿರಿ. ಮುಂದಿನ ವಾರ ನೋಡಿದರೆ ಪತ್ರಿಕೆಯ ಬಂಡಲ್ಲೇ ಊರಿಗೆ ಬರಲಿಲ್ಲ. ಖಾದರ್ ಸಾಬರು ಎಷ್ಟು ಹುಡುಕಿದರೂ ಆ ಸಂಚಿಕೆ ಸಿಗಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಹಾಳೆಗಳೆಲ್ಲ ಒಂದು ಕಟ್ಟಾದವು. ಗಿರಣಿಯಲ್ಲಿ ಅಕ್ಕಿ ಚೀಲ ಹೊಲಿಯುವ ದಬ್ಬಣ, ಸೆಣಬಿನ ದಾರ ತರಿಸಿ ನೀವೇ ಹೊಲಿದಿರಿ. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದ ರಟ್ಟಾಯಿತು. ಹಲಾಸನದ ಮುಂದೆ ಒಂದು ಬಿಳಿ ಹಾಳೆ ಇಡಿಸಿದಿರಿ, "ಇಳಿಯೋದು ಸಿಕ್ಕಾಗ ಅಂಟಿಸೋಣ" ಎಂದು. ಅಕ್ಷರ ಬಾರದ ನೀವು ನನಗೆ ಮಾಡಿಕೊಟ್ಟ ಪುಸ್ತಕ ಅದು.

ಇನ್ನು ಸಿರಿಗೇರಿ ಮಾವ ಬಂದ ದಿನ. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅವರು ಪಡಸಾಲೆಯಲ್ಲಿ ಕೂತಿದ್ದರು, ನಾನು ಒಳಗೆ ಒಣ ಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟು ಎದೆಗೆ ಇಳಿಯಿತು. ಸೆರಗು ಬಾಯಿಗೆ ತುರುಕಿಕೊಂಡರೂ ಸೀಟಿ ನಿಲ್ಲಲಿಲ್ಲ. ಪಡಸಾಲೆಯಿಂದ ನಿಮ್ಮಣ್ಣ ಕೂಗಿದರು.

"ಬಸಮ್ಮಾ, ಒಳಗ ಅದೇನು ಸೀಟಿ? ನಿನ್ನ ಸೊಸಿಗೆ ದಮ್ಮೈತೇನು?"

ರೊಟ್ಟಿ ತಟ್ಟುತ್ತಿದ್ದ ನೀವು ಎದ್ದಿರಿ. ಬಾಗಿಲಿಗೂ ನನಗೂ ನಡುವೆ ಬಂದು ನಿಂತಿರಿ. ಹಿಟ್ಟಿನ ಕೈ ನನ್ನ ಬೆನ್ನ ಮೇಲಿಟ್ಟು, ನನಗಿಂತ ಜೋರಾಗಿ ಒಂದು ಸೀಟಿ ಹೊಡೆದಿರಿ. "ಅದು ನಂದು, ಅಣ್ಣಾ! ಈ ಹಾಳು ಘಾಟಿಗೆ... ಪಾಪ, ಈ ಹುಡುಗಿ ನನ್ನ ಬೆನ್ನು ತಿಕ್ಕಾಕತ್ತಾಳ." ತಿಕ್ಕುತ್ತಿದ್ದದ್ದು ನಿಮ್ಮ ಕೈ. ತಿಕ್ಕಿಸಿಕೊಳ್ಳುತ್ತಿದ್ದದ್ದು ನನ್ನ ಬೆನ್ನು.

ನಿಮ್ಮ ಸೀಟಿ ಸುಳ್ಳು ಎಂದು ನನಗಲ್ಲದೆ ಯಾರಿಗೆ ತಿಳಿಯಬೇಕು, ಅತ್ತಿ? ನನಗೆ ಸೀಟಿ ಬರುವುದು ಉಸಿರು ಬಿಡುವಾಗ. ನೀವು ಉಸಿರು ಎಳೆದುಕೊಳ್ಳುವಾಗ ಹೊಡೆಯುತ್ತಿದ್ದಿರಿ. ಆ ಗಳಿಗೆಯಲ್ಲಿ ಎಲ್ಲ ಹೊಳೆಯಿತು. ಬೇವಿನ ಮರ, ಕಷಾಯ, "ಇನ್ನೊಮ್ಮೆ ತೋರ್ಸು"... ನಾನು ನಿಮ್ಮ ಮುಖ ನೋಡಿದೆ. ನೀವು ಒಲೆಯ ಕಡೆ ನೋಡುತ್ತ "ಮೆಣಸಿನಕಾಯಿ ಸೀದು ಹೋದ್ವು, ತೆಗಿ" ಎಂದಿರಿ. ಅಷ್ಟೇ.

ಅಂದೇ ಯಾಕೆ ಬಾಯಿ ಬಿಡಲಿಲ್ಲ ನಾನು? ಹೇಳಿದರೆ ಅಪ್ಪ ಅಮ್ಮನ ಸುಳ್ಳೂ ಹೊರಬೀಳುತ್ತಿತ್ತು. ಆಮೇಲೆ ನಾಚಿಕೆ, ಆಮೇಲೆ ರೂಢಿ. ಬಾಣಂತನಕ್ಕೆ ಬಳ್ಳಾರಿಗೆ ಹೋದಾಗ ಡಾಕ್ಟರ ಗುಳಿಗೆ ಶುರುವಾದವು. ನಿಮ್ಮ ಮಗನಿಗೆ ಗೊತ್ತಾದಾಗ ಅವರು "ಅವ್ವನದು ನಿನಗ ಹತ್ತೈತಿ" ಎಂದು ತಾವೇ ತೀರ್ಮಾನ ಮಾಡಿಕೊಂಡರು. ನೀವು ಅದಕ್ಕೂ ಹೂಂ ಎಂದು, "ನನ್ನ ತಪ್ಪು, ಅಕಿನ್ನ ಚಲೋ ನೋಡ್ಕೋ" ಎಂದಿರಿ. ಗುಳಿಗೆಯೋ, ಪ್ರಾಣಾಯಾಮವೋ, ಹೆದರಿಕೆ ಬಿಟ್ಟದ್ದೋ, ನನ್ನ ಎದೆ ಹಗುರಾಯಿತು.

ನಿಮ್ಮ ಹೊಟ್ಟೆಯ ಬೇನೆಗೆ ಬಳ್ಳಾರಿ ಆಸ್ಪತ್ರೆಗೆ ಸೇರಿಸಿದಾಗ ಮಾವ ಡಾಕ್ಟರಿಗೆ ಮೊದಲು ಹೇಳಿದ್ದೇ "ಹದಿನೆಂಟು ವರ್ಷದ ದಮ್ಮು ಸಾರ್" ಎಂದು. ಡಾಕ್ಟರು ಕೊಳವೆ ಇಟ್ಟು ಎದೆ, ಬೆನ್ನು ಎಲ್ಲ ಕೇಳಿ, "ದಮ್ಮಿನ ಸುಳಿವೇ ಇಲ್ಲವಲ್ಲ!" ಎಂದರು. ಆ ನೋವಿನಲ್ಲೂ ನೀವು "ಯೋಗ ಮಾಡೀನ್ರಿ. ಪುಸ್ತಕ ಐತಿ. ಒಂದು ಹಾಳಿ ಇಲ್ಲ, ಅಷ್ಟ" ಎಂದು ನನ್ನ ಕಡೆ ನೋಡಿದಿರಿ. ಮಾವ ಇಡೀ ಗಿರಣಿಗೆ ಡಂಗುರ ಹೊಡೆದರು. ಇವತ್ತಿಗೂ ಜನ ಆ ಪುಸ್ತಕ ಕೇಳಿಕೊಂಡು ಬರುತ್ತಾರೆ. ಆಸ್ಪತ್ರೆಯ ಆ ದಿನ ನಾನು ನಿಮ್ಮ ಕಾಲ ಬಳಿ ನಿಂತಿದ್ದೆ. ನಿಜ ಬಾಯಿಗೆ ಬಂದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ನೀವು...

ಇರಲಿ. ಈಗ ಹೇಳುತ್ತೇನೆ, ಕೇಳಿಸಿಕೊಳ್ಳಿ. ಅತ್ತಿ, ನನಗೆ ಉಬ್ಬಸ ಇದೆ. ಮದುವೆಗೆ ಮುಂಚಿನಿಂದಲೂ ಇತ್ತು. ನಾವು ನಿಮಗೆ ಸುಳ್ಳು ಹೇಳಿದ್ದೆವು. ನೀವು ಅದಕ್ಕಿಂತ ದೊಡ್ಡ ಸುಳ್ಳು ಹೇಳಿ ನನ್ನನ್ನು ಉಳಿಸಿಕೊಂಡಿರಿ.

ಇಲ್ಲಿ ಈಗ ಎದುರುಮನೆಗೆ ಟಿವಿ ಬಂದಿದೆ. ಅದರಲ್ಲಿ ಹುಡುಗಿಯೊಬ್ಬಳು ಸಂಗೀತ ಹಾಕಿಕೊಂಡು ಆಸನ ಮಾಡುತ್ತಾಳೆ, ನಿಮ್ಮನ್ನು ಹೆದರಿಸಿದ ಅದೇ ಮನೆಯವರು ಅದನ್ನು ನೋಡಿ ಕೈಕಾಲು ಎತ್ತುತ್ತಾರೆ. ಖಾದರ್ ಸಾಬರ ಅಂಗಡಿಯಲ್ಲಿ ಬಣ್ಣದ ರಟ್ಟಿನ ಯೋಗದ ಪುಸ್ತಕಗಳು ಸಾಲಾಗಿ ತೂಗುತ್ತವೆ. ಮಾವ ಟಿವಿ ನೋಡಿ ಬಂದು "ನಮ್ಮಾಕಿ ಸೀರಿ ಉಟ್ಟ ಮಾಡ್ತಿದ್ಲು" ಎನ್ನುತ್ತಾರೆ.

ನಿಮಗೆ ಗೊತ್ತಿಲ್ಲದ ಸುದ್ದಿಗೆ ಬರುತ್ತೇನೆ. ನಿಮ್ಮ ಮೊಮ್ಮಗಳು ಸುಮಾಳನ್ನು ನೋಡಲು ಕುರುಗೋಡಿನಿಂದ ಬಂದಿದ್ದರು. ಹುಡುಗ ಮೇಷ್ಟರು, ತಂದೆ ಇಲ್ಲ, ತಾಯಿ ಗಟ್ಟಿ ಹೆಂಗಸು. ಸುಮಾಳಿಗೂ ನನ್ನದೇ ಉಬ್ಬಸ, ನೀವೇ ಬೆನ್ನು ತಿಕ್ಕಿ ಬೆಳೆಸಿದಿರಲ್ಲ. "ಈಗ್ಲೇ ಹೇಳೋದು ಬ್ಯಾಡ, ಮದಿವಿ ಆಗ್ಲಿ, ಎಲ್ಲಾ ಸರಿಹೋಗತೈತಿ" ಎಂದರು ನಿಮ್ಮ ಮಗ. ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾರ ಮನ್ಯಾಗ ನಿಮ್ಮವ್ವ ಇರಂಗಿಲ್ಲ" ಎಂದೆ. ಉಪ್ಪಿಟ್ಟಿನ ತಟ್ಟೆ ಇಡುವ ಮುಂಚೆಯೇ ಆ ತಾಯಿಗೆ ಎಲ್ಲ ಹೇಳಿದೆ.

ಅವರು "ಮುಚ್ಚಿಟ್ಟಿದ್ರ ನಮಗ ಗೊತ್ತಾಗ್ತಿರಲಿಲ್ಲ. ಯಾಕ ಹೇಳಿದ್ರಿ?" ಎಂದರು. ಆಗ ನಿಮ್ಮ ಕತೆ ಹೇಳಿದೆ, ಮೆಣಸಿನಕಾಯಿಯಿಂದ ಹಿಡಿದು ಆಸ್ಪತ್ರೆಯವರೆಗೆ. ನೇಗಿಲಿನ ಕತೆಗೆ ನಕ್ಕರು, ಕಣ್ಣೂ ಒರೆಸಿಕೊಂಡರು. "ಆ ಮಾಳಿಗಿ ನೋಡ್ಬೇಕು" ಎಂದು ಎದ್ದವರೇ, ನಮ್ಮ ಆ ಕಡಿದಾದ ಮೆಟ್ಟಿಲನ್ನು ಗೋಡೆ ಹಿಡಿಯದೆ, ಮೇಕೆಯ ಹಾಗೆ, ನನಗಿಂತ ಮುಂದೆ ಹತ್ತಿಹೋದರು. ಪುಸ್ತಕ ತಿರುವಿ ನೋಡಿದರು. ಹೋಗುವಾಗ "ಕಾಗದ ಬರೀತೀವಿ" ಎಂದಷ್ಟೇ ಹೇಳಿದರು. ಹದಿನೈದು ದಿನ ಕಾದೆವು. ನಿಮ್ಮ ಮಗ ನನ್ನ ಮುಖ ನೋಡಿ ಮಾತಾಡಲಿಲ್ಲ. ಸುಮಾ ಮಾತ್ರ "ನೀ ಹೇಳಿದ್ದು ಚಲೋ ಆತವ್ವ" ಎಂದಳು.

ಇವತ್ತು ಆ ತಾಯಿಯ ಕಾರ್ಡು ಬಂತು. ಮಗನ ಕೈಯಲ್ಲಿ ಬರೆಸಿದ್ದಾರೆ. ನೀವು ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ.

"ಹುಡುಗಿ ನಮಗ ಒಪ್ಪಿಗಿ. ಜೋಡಿ ಆ ಯೋಗದ ಪುಸ್ತಕಾನೂ ಕಳಿಸ್ರಿ. ನಂದು ಮೊಣಕಾಲು ಭಾಳ ನೋವು ಐತಿ. ಅಕಿ ದಿನಾ ಮಾಡಿ ತೋರ್ಸಿದ್ರ ನಾ ನೋಡಿ ಕಲಿತೀನಿ."

ಮೊಣಕಾಲು ನೋವಂತೆ, ಅತ್ತಿ! ಕೇಳಿದಿರಾ?

ನಿಮ್ಮ ಸೊಸೆ,
ಶಾರದಾ